ಕ್ರೂಸ್‌ನಲ್ಲಿ ಮಗಳಿಗೂ ಅಮ್ಮನಿಗೂ ಹೊಟ್ಟೆ ತೊಳಸದಿರಲು
ಆರು ವರ್ಷದ ಮಗಳು, ವಯಸ್ಸಾದ ಅಮ್ಮ ಜೊತೆಗಿದ್ದಾರೆ, ಯಾವ ಕ್ಯಾಬಿನ್, ಯಾವ ಔಷಧಿ ಅಂತ ಕೇಳಿದ್ದೀರಿ. ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲೇ ತೆಗೆದುಕೊಳ್ಳಿ. ಅಲ್ಲಿ ಓಲಾಟ ಕಡಿಮೆ.

2ರಿಂದ 12 ವರ್ಷದ ಮಕ್ಕಳಿಗೇ ಓಲಾಟದಿಂದ ಹೊಟ್ಟೆ ತೊಳಸುವ ಈ ತೊಂದರೆ ಜಾಸ್ತಿ. ಮಗಳಿಗೆ ಯಾವ ಮಾತ್ರೆ, ಎಷ್ಟು ಅಂತ ಹೊರಡುವ ಮೊದಲೇ ಮಕ್ಕಳ ವೈದ್ಯರನ್ನು ಕೇಳಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ಕೊಟ್ಟರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಹೊಟ್ಟೆ ತೊಳಸದಂತೆ ಕಿವಿಯ ಹಿಂದೆ ಅಂಟಿಸುವ ಸ್ಕೋಪಾಲಮಿನ್ ಔಷಧಿಯ ಪ್ಯಾಚ್ ಮಾತ್ರ ಅವಳಿಗೆ ಬೇಡವೇ ಬೇಡ. ಅಮ್ಮನಿಗೂ ಸುಮ್ನೆ ಹಾಕಬೇಡಿ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದ್ದರೆ ಅಪಾಯ, ವಯಸ್ಸಾದವರಿಗೆ ಮಂಪರು, ಗೊಂದಲ ಬರಬಹುದು.

ಅಲೆ ಜೋರಾದಾಗ ಫೋನ್ ದೂರವಿಡಿ. ಹೊರಗಿನ ಡೆಕ್‌ಗೆ ಹೋಗಲು ಬಿಟ್ಟರೆ ದೂರದ ದಿಗಂತ ನೋಡಲಿ, ಇಲ್ಲವಾದರೆ ಕಣ್ಣು ಮುಚ್ಚಿ ಮಲಗಲಿ. ವಾಂತಿಯಾದರೆ ಗುಟುಕು ಗುಟುಕಾಗಿ ನೀರು ಕುಡಿಸಿ.