ಬೇಲಿಗೆ ಹಾಕಿದ ಬಾಕ್ಸ್‌ವುಡ್ ಗಿಡದಿಂದ ಬೆಕ್ಕಿನ ಉಚ್ಚೆಯ ವಾಸನೆ ಬರುವುದುಂಟೇ?

ಉಂಟು. ಮಂಗಳೂರಿನಲ್ಲಿ ಹೊಸ ಮನೆ, ಮೆಟ್ಟಿಲಿನ ಎರಡೂ ಬದಿಗೆ ಬಾಕ್ಸ್‌ವುಡ್ ಬೇಲಿ, ಬಿಸಿಲೇರಿದೊಡನೆ ಬೆಕ್ಕು ಉಚ್ಚೆ ಹೊಯ್ದಂಥ ವಾಸನೆ. ಇದು ಗಿಡದ್ದೇ, ಏನಾದರೂ ಸಿಂಪಡಿಸಿದರೆ ಹೋದೀತೇ ಎಂದು ಕೇಳಿದ್ದೀರಿ. ಗಿಡದ್ದೇ. ಸಿಂಪಡಿಸಿದರೆ ಹೋಗುವುದಿಲ್ಲ. ಇಷ್ಟು ತಿಳಿಯಲು ನನಗೆ ಐದು ತಿಂಗಳು ಹಿಡಿಯಿತು, ನೆರೆಮನೆಯವರೊಡನೆ ಮನಸ್ತಾಪವೂ ಆಯಿತು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನಮ್ಮ ಅಂಗಳ ಮಾಡಿಕೊಟ್ಟವನು ಮೊಬೈಲಿನಲ್ಲಿ ಯಾವುದೋ ಅರಮನೆಯ ತೋಟದ ಚಿತ್ರ ತೋರಿಸಿದ್ದ. ಅಳತೆಪಟ್ಟಿ ಹಿಡಿದು ಕತ್ತರಿಸಿದಂಥ ಹಸಿರು ಗೋಡೆ. ನಾನು ಮರುಳಾಗಿ ಮೂವತ್ತೆರಡು ಗಿಡ ನೆಡಿಸಿದೆ. ‘ದೇವರಿಗೆ ನಾಲ್ಕು ಹೂ ಕೊಡದ ಗಿಡ ಯಾಕೆ ಮಾರಾಯ’ ಎಂದು ಅಮ್ಮ ಹೇಳಿದ್ದು ಕಿವಿಗೆ ಬೀಳಲಿಲ್ಲ.

ಮಳೆ ನಿಂತು ಅಕ್ಟೋಬರ್ ಬಿಸಿಲು ಬಂದಾಗ ವಾಸನೆ ಶುರುವಾಯಿತು. ಪಕ್ಕದ ಮನೆಯ ಅಕ್ಕನದೊಂದು ಗಂಡು ಬೆಕ್ಕು ಇತ್ತು, ದಿನಕ್ಕೆ ನಾಲ್ಕು ಸಲ ನಮ್ಮ ಪಾಗಾರ ಹತ್ತುತ್ತಿತ್ತು. ಬೇರೆ ಸಾಕ್ಷಿ ಯಾಕೆ ಬೇಕು? ಮೆಟ್ಟಿಲಿಗೆ ಫಿನಾಯಿಲ್ ಹಾಕಿದೆ, ವಿನೆಗರ್ ಹಾಕಿದೆ, ನಿಂಬೆ ಸಿಪ್ಪೆ ಹರಡಿದೆ. ನಾಯಿಗೆಂದು ಕೆಲವರು ಗೇಟಿನ ಬಳಿ ಇಡುವ ನೀಲಿ ನೀರಿನ ಬಾಟಲಿಗಳನ್ನೂ ಸಾಲಾಗಿ ಇಟ್ಟೆ. ಬೆಕ್ಕು ಅವುಗಳ ನಡುವೆಯೇ ಮೈಚಾಚಿ ಮಲಗುತ್ತಿತ್ತು. ಕೊನೆಗೆ ಅಕ್ಕನ ಬಳಿ ಹೋಗಿ ಬಾಯಿಗೆ ಬಂದದ್ದನ್ನು ಹೇಳಿ ಬಂದೆ.

ನಿಜ ಗೊತ್ತಾದದ್ದು ಊಟದ ಬಟ್ಟಲಿನ ಮುಂದೆ. ಒಂದು ಭಾನುವಾರ ನಾನೇ ಕತ್ತರಿ ಹಿಡಿದು ಬೇಲಿ ಸವರಿದ್ದೆ. ಎರಡು ಸಲ ಸಾಬೂನು ಹಾಕಿ ಕೈ ತೊಳೆದು ಬಂದು ಗಂಜಿಗೆ ಕೈ ಇಟ್ಟು ತುತ್ತು ಎತ್ತಿದರೆ ಅದೇ ವಾಸನೆ, ನನ್ನ ಬೆರಳಿನಿಂದ. ಎದ್ದು ಹೋಗಿ ಒಂದೆಲೆ ಕಿತ್ತು ಹೊಸಕಿ ಮೂಸಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ನಮ್ಮಲ್ಲಿ ಬೇಲಿಯೇ ಉಚ್ಚೆ ಹೊಯ್ದಿತ್ತು.

ಆಮೇಲೆ ಹಟ ಹಿಡಿದು ಓದಿದೆ. ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿ ವೈನಿನ ಪರಿಮಳದ ಬೆನ್ನು ಹತ್ತಿದ್ದ ಸಂಶೋಧಕರು, ಅಲ್ಲಿ ಕಂಡ ಒಂದು ವಸ್ತುವನ್ನೇ 1997ರಲ್ಲಿ ಬಾಕ್ಸ್ ಗಿಡದಲ್ಲೂ ಗುರುತಿಸಿದರು. 4-ಮರ್ಕ್ಯಾಪ್ಟೊ-4-ಮೀಥೈಲ್-2-ಪೆಂಟನೋನ್ ಎಂದು ಅದರ ಹೆಸರು. ಗಂಧಕ ಸೇರಿರುವ ಥಿಯಾಲ್ ಎಂಬ ಕುಲಕ್ಕೆ ಸೇರಿದ್ದು. ಬೆಕ್ಕಿನ ಮೂತ್ರದಲ್ಲಿ ಫೆಲಿನೈನ್ ಎಂಬ ಅಮೈನೋ ಆಮ್ಲವಿದೆ, ಅದು ಒಡೆದಾಗ ಬರುವುದೂ ಅದೇ ಕುಲದ ವಸ್ತು. ಒಂದು ಲೀಟರ್ ನೀರಿನಲ್ಲಿ ಗ್ರಾಮಿನ ನೂರು ಕೋಟಿಯ ಒಂದು ಪಾಲಿನಷ್ಟಿದ್ದರೂ ಮನುಷ್ಯನ ಮೂಗು ಬಾಕ್ಸ್ ಗಿಡದ ಆ ವಸ್ತುವನ್ನು ಹಿಡಿಯುತ್ತದೆ. ಸಾಬೂನು ಸೋತದ್ದು ಸುಮ್ಮನೆ ಅಲ್ಲ. ಪೇರಳೆ ಹಣ್ಣಿನಲ್ಲೂ ಈ ಕುಲದ ವಸ್ತುಗಳಿವೆ. ಕಳಿತ ಪೇರಳೆ ನಾಲ್ಕನ್ನು ಮುಚ್ಚಿದ ಕೋಣೆಯಲ್ಲಿ ಒಂದು ದಿನ ಇಟ್ಟು ನೋಡಿ, ನಾನು ಹೇಳುವುದು ಅರ್ಥವಾಗುತ್ತದೆ.

ಎಲ್ಲರ ಮೂಗಿಗೂ ಇದು ಒಂದೇ ರೀತಿ ಬಡಿಯುವುದಿಲ್ಲ. ನನ್ನ ಮಗನಿಗೆ ಏನೂ ತಿಳಿಯುತ್ತಿರಲಿಲ್ಲ, ಸೊಸೆ ಮಾತ್ರ ಹಿಂಬಾಗಿಲಿನಿಂದ ಓಡಾಡುತ್ತಿದ್ದಳು. ಯುರೋಪಿನಲ್ಲಿ ಇದನ್ನು ಹಳೆಯ ತೋಟಗಳ ಸುವಾಸನೆ ಎಂದು ಮೆಚ್ಚುವವರಿದ್ದಾರೆ. 1702ರಲ್ಲಿ ಇಂಗ್ಲೆಂಡಿನ ಪಟ್ಟಕ್ಕೆ ಬಂದ ಆನ್ ರಾಣಿಯಾದರೋ ಹ್ಯಾಂಪ್ಟನ್ ಕೋರ್ಟ್ ಅರಮನೆಯ ತೋಟದಿಂದ ಬಾಕ್ಸ್ ಗಿಡಗಳನ್ನೇ ಕೀಳಿಸಿದಳು. ನಮ್ಮ ಹಾಲೆ ಮರದ ಕಥೆಯೂ ಹೀಗೆಯೇ. ಆಟಿ ಅಮಾವಾಸ್ಯೆಯಂದು ಅದರ ತೊಗಟೆಯ ಕಷಾಯವನ್ನು ಮುಖ ಕಿವುಚಿಕೊಂಡಾದರೂ ಭಕ್ತಿಯಿಂದ ಕುಡಿಯುತ್ತೇವೆ, ಮಳೆಗಾಲ ಕಳೆದು ಅದು ಹೂ ಬಿಟ್ಟಾಗ ರಾತ್ರಿಯ ಘಾಟಿಗೆ ಅರ್ಧ ಜನಕ್ಕೆ ತಲೆನೋವು. ಶಂಕರಪುರದ ಮಲ್ಲಿಗೆ ಮೂಸಿ ಬೆಳೆದ ಮೂಗುಗಳಿಗೆ ರಾಣಿಯ ಪಕ್ಷವೇ ಸರಿ ಎಂದು ನನ್ನ ಅಭಿಪ್ರಾಯ.

ಈಗ ನಿಮ್ಮ ಗಿಡ. ಕೀಳುವ ಮೊದಲು ಅದು ನಿಜವಾಗಿ ಬಾಕ್ಸ್ ಗಿಡವೇ ಎಂದು ನೋಡಿಕೊಳ್ಳಿ, ಏಕೆಂದರೆ ನರ್ಸರಿಯ ಹೆಸರನ್ನು ಪೂರ್ತಿ ನಂಬುವಂತಿಲ್ಲ. ನಿಜವಾದದ್ದರ ಎಲೆ ಒಂದೂವರೆಯಿಂದ ಮೂರು ಸೆಂಟಿಮೀಟರ್, ದಪ್ಪ, ಹೊಳಪು. ಗೆಲ್ಲಿನ ಮೇಲೆ ಎರಡೆರಡು ಎದುರುಬದುರಾಗಿ ಕೂತಿರುತ್ತವೆ. ಹೆಚ್ಚಿನ ಎಲೆಗಳ ತುದಿಯಲ್ಲಿ ಉಗುರಿನಿಂದ ಚಿವುಟಿದಂಥ ಸಣ್ಣ ಕಚ್ಚು. ಎಳೆಯ ಗೆಲ್ಲನ್ನು ಬೆರಳ ನಡುವೆ ಉರುಳಿಸಿದರೆ ಚೌಕವೆಂದು ತಿಳಿಯುತ್ತದೆ. ಕರಿಬೇವಿನಂತೆ ಒಂದೇ ಕಡ್ಡಿಯಲ್ಲಿ ಹಲವು ಎಲೆಗಳಿದ್ದು ಪರಿಮಳದ ಬಿಳಿ ಹೂ ಬಿಟ್ಟರೆ ಅದು ಕಾಮಿನಿ, ಕರಿಬೇವಿನದೇ ಸಂಬಂಧಿ. ಹಾಗಿದ್ದರೆ ನಿಮ್ಮ ಅದೃಷ್ಟ, ತಪ್ಪು ಬೆಕ್ಕಿನದೇ.

ಬಾಕ್ಸ್ ಗಿಡವೇ ಆಗಿದ್ದು ಮನೆಯಿಂದ ಇಪ್ಪತ್ತು ಅಡಿ ಆಚೆ ಇದ್ದರೆ ಇಟ್ಟುಕೊಳ್ಳಬಹುದು. ಕತ್ತರಿಸಿದ ದಿನ ಮತ್ತು ಬಿಸಿಲು ಕಾದಾಗ ವಾಸನೆ ಜೋರು. ಸಂಜೆ ಗಾಳಿ ಇರುವಾಗ ಸವರಿ, ಬಿದ್ದ ಎಲೆಯನ್ನು ಆಗಲೇ ಗುಡಿಸಿದರೆ ಎರಡು ದಿನದಲ್ಲಿ ಇಳಿಯುತ್ತದೆ. ಆದರೆ ಆ ಸೊಪ್ಪನ್ನು ದನಕ್ಕೂ ಆಡಿಗೂ ಹಾಕಬೇಡಿ. ಹತ್ತಿರದಲ್ಲಿ ಯಾರದಾದರೂ ಹಟ್ಟಿ ಇದ್ದು ‘ಹಸಿರು ಸೊಪ್ಪು, ದನದ ಕಾಲಡಿಗೆ ಆಯಿತು’ ಎಂದು ಕೇಳಿದರೂ ಕೊಡಬೇಡಿ. ಅದರಲ್ಲಿರುವ ಆಲ್ಕಲಾಯ್ಡುಗಳು ಜಾನುವಾರಿಗೆ ವಿಷ. ಇದನ್ನು ನನಗೆ ಗಿಡ ಮಾರಿದವರು ಯಾರೂ ಹೇಳಲಿಲ್ಲ.

ಬಾಗಿಲ ಬಳಿಯೇ ಇದ್ದರೆ ಕೀಳಿಸಿ. ಜಪಾನಿನ ಸಣ್ಣೆಲೆಯ ಬಾಕ್ಸ್ ಎಂಬ ಇನ್ನೊಂದು ಜಾತಿಗೆ ವಾಸನೆ ಕಡಿಮೆ ಎನ್ನುತ್ತಾರೆ. ಇಲ್ಲಿಗೆ ಅದನ್ನೂ ನಾನು ಸೂಚಿಸುವುದಿಲ್ಲ. ಬಾಕ್ಸ್ ಗಿಡದ್ದು ಸುಣ್ಣದ ನೆಲ, ತಂಪು ಚಳಿಗಾಲ ಬಯಸುವ ಜಾಯಮಾನ. ಇಂಗ್ಲೆಂಡಿನಲ್ಲಿ ಇದರ ಹೆಸರನ್ನೇ ಹೊತ್ತ ಬಾಕ್ಸ್ ಹಿಲ್ ಇದೆ, ಅದು ಸುಣ್ಣದ ಗುಡ್ಡ. ನಮ್ಮದು ಹುಳಿಯಾದ ಮುರಕಲ್ಲು ಮಣ್ಣು, ವರ್ಷಕ್ಕೆ ಸಾಮಾನ್ಯವಾಗಿ 3,500 ಮಿಲಿಮೀಟರ್ ಮೀರುವ ಮಳೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ನನ್ನ ಮೂವತ್ತೆರಡರಲ್ಲಿ ಹದಿನಾಲ್ಕು ಎರಡನೆಯ ಜುಲೈಯಲ್ಲೇ ಹಳದಿಯಾಗಿ ಸತ್ತವು. ಉಳಿದವನ್ನು ನಾನೇ ಕಿತ್ತೆ, ದುಃಖವೇನೂ ಆಗಲಿಲ್ಲ.

ಬದಲಿಗೆ ಕೇಪುಳ ಹಾಕಿ. ನಮ್ಮ ಪದವುಗಳಲ್ಲಿ ಯಾರೂ ನೀರು ಹಾಕದೆ ಬೆಳೆಯುವ ಗಿಡ, ಹುಳಿ ಮಣ್ಣೇ ಅದಕ್ಕೆ ಇಷ್ಟ, ಕತ್ತರಿಗೂ ಬಗ್ಗುತ್ತದೆ. ಅರಮನೆಯ ಗೋಡೆಯಷ್ಟು ನೇರ ಬರುವುದಿಲ್ಲ, ಒತ್ತಾಗಿ ಸೇರಿಕೊಳ್ಳಲು ಎರಡು ಮೂರು ಮಳೆಗಾಲ ಕಾಯಬೇಕು. ಅಮ್ಮನಿಗೆ ಈಗ ದಿನವೂ ಕೆಂಪು ಹೂ ಸಿಗುತ್ತಿದೆ. ಜೂನ್ ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ ಗೆಲ್ಲು ಊರಿದರೂ ಸಾಕು.

ನನಗೆ ಗೆಲ್ಲು ಕೊಟ್ಟದ್ದು ಪಕ್ಕದ ಮನೆಯ ಅದೇ ಅಕ್ಕ. ತಪ್ಪಾಯಿತು ಎಂದು ಹೇಳಲು ಹೋಗಿದ್ದೆ. ಒಂದು ಕಟ್ಟು ಕಡಿದು ಕೈಗಿತ್ತು, ‘ಇದಕ್ಕೂ ವಾಸನೆ ಬಂದರೆ ನಮ್ಮ ಪುಚ್ಚೆಯ ತಲೆಗೆ ಕಟ್ಟಬೇಡಿ ಮಾರಾಯರೇ’ ಎಂದರು.