ಥಯೋಫೀನ್ ಪಾಲಿಮರ್ 650 ನ್ಯಾನೋಮೀಟರಿಗೇ ನಿಲ್ಲುತ್ತಿದೆ, 800 ದಾಟಿಸುವುದು ಹೇಗೆ?

ನೀವು ಕೇಳಿರುವುದು ಎರಡು: ಗಂಧಕವಿರುವ ಉಂಗುರಗಳ ಸರಪಳಿಯಾದ ಥಯೋಫೀನ್ ಪಾಲಿಮರ್ ಪಿ3ಎಚ್‌ಟಿ 650ಕ್ಕಿಂತ ಮುಂದಿನ ಬೆಳಕನ್ನು ಹೀರುವುದಿಲ್ಲ, ಏನು ಮಾಡಲಿ? ಹೊಸ ಪಾಲಿಮರಿನ ಸರಪಳಿ ಉದ್ದವಾಗುತ್ತಿಲ್ಲ, ಪುಣೆಯ ಮಳೆಗಾಲ ಕಾರಣವೇ?

1240ನ್ನು ನ್ಯಾನೋಮೀಟರಿನ ತರಂಗಾಂತರದಿಂದ ಭಾಗಿಸಿದರೆ ಬ್ಯಾಂಡ್ ಗ್ಯಾಪ್, ಅಂದರೆ ಬೆಳಕು ಹೀರಲು ಬೇಕಾದ ಕನಿಷ್ಠ ಶಕ್ತಿ, ಸಿಗುತ್ತದೆ. 650ಕ್ಕೆ 1.9 ಇಲೆಕ್ಟ್ರಾನ್ ವೋಲ್ಟ್, 800ಕ್ಕೆ 1.55. ಸರಪಳಿ ಬೆಳೆಸಿ ಈ ಅಂತರ ಮುಚ್ಚಲಾಗದು. ಹತ್ತಿಪ್ಪತ್ತು ಉಂಗುರಗಳಾದ ಮೇಲೆ ಗ್ಯಾಪ್ ಹೆಚ್ಚೇನೂ ಇಳಿಯುವುದಿಲ್ಲ. ಇಲೆಕ್ಟ್ರಾನ್ ಕೊಡುವ ಘಟಕ ಡೋನರ್ ಮತ್ತು ಸೆಳೆಯುವ ಘಟಕ ಆಕ್ಸೆಪ್ಟರನ್ನು ಒಂದಾದ ಮೇಲೊಂದು ಪೋಣಿಸಬೇಕು. ಇಲೆಕ್ಟ್ರಾನ್ ತುಂಬಿದ ಅತಿ ಮೇಲಿನ ಹೋಮೋ ಮಟ್ಟವನ್ನು ಮುಖ್ಯವಾಗಿ ಡೋನರ್ ನಿರ್ಧರಿಸುತ್ತದೆ, ಖಾಲಿ ಇರುವ ಅತಿ ಕೆಳಗಿನ ಲುಮೋ ಮಟ್ಟವನ್ನು ಆಕ್ಸೆಪ್ಟರ್; ಇವೆರಡರ ನಡುವಿನ ಅಂತರವೇ ಗ್ಯಾಪ್. ಬೆಂಝೋಥಯಾಡಯಝೋಲ್ ಆಕ್ಸೆಪ್ಟರನ್ನೇ ನೋಡಿ: ಎರಡು ಪಕ್ಕ ಥಯೋಫೀನ್ ಇಟ್ಟು ಕಾರ್ಬಝೋಲ್ ಜೊತೆ ಸೇರಿಸಿದರೆ ಗ್ಯಾಪ್ ಸುಮಾರು 1.9, ನೇರವಾಗಿ ಸೈಕ್ಲೋಪೆಂಟಾಡೈಥಯೋಫೀನ್ ಜೊತೆಗಾದರೆ ಸುಮಾರು 1.4. ನಿಮಗೆ ಬೇಕಾದ್ದು ಎರಡನೆಯದು. ಕರಗಲು ಪಕ್ಕದ ಸರಪಳಿಯಾಗಿ ಎರಡು ಈಥೈಲ್‌ಹೆಕ್ಸೈಲ್ ಸಾಕು. ಫ್ಲೋರಿನ್ ಹಾಕಿದರೆ ಹೋಮೋ, ಲುಮೋ ಎರಡೂ ಕೆಳಗಿಳಿಯುತ್ತವೆ, ಗ್ಯಾಪ್ ಹೆಚ್ಚು ಬದಲಾಗುವುದಿಲ್ಲ. ಸೌರಕೋಶದಲ್ಲಿ ಹೆಚ್ಚು ವೋಲ್ಟೇಜ್ ಬೇಕಿದ್ದರೆ ಮಾತ್ರ ಆ ದಾರಿ.

ಇನ್ನು ಸರಪಳಿ. ಮಳೆಯನ್ನು ಬೈಯಬೇಡಿ, ತವರ ಅಂಟಿದ ಅಣುವನ್ನು ಪಲ್ಲಾಡಿಯಂ ನೆರವಿನಿಂದ ಇನ್ನೊಂದಕ್ಕೆ ಸೇರಿಸುವ ಸ್ಟಿಲ್ಲೆ ಜೋಡಣೆಗೆ ತೇವ ಅಷ್ಟು ದೊಡ್ಡ ಶತ್ರುವಲ್ಲ. ನನ್ನ ಅನುಮಾನ ತವರದ ಮಾನೋಮರಿನ (ಸರಪಳಿಯ ಬಿಡಿ ಘಟಕದ) ಮೇಲೆ. ಇದು ಎಣ್ಣೆಯಂಥದ್ದು, ಹರಳು ಮಾಡಿ ಶುದ್ಧಗೊಳಿಸಲಾಗದು. ಸಿಲಿಕಾ ಕಾಲಮ್ಮಿಗೆ ಹಾಕಿದರೆ ಆಮ್ಲೀಯ ಸಿಲಿಕಾ ತವರವನ್ನೇ ಕಿತ್ತುಹಾಕುತ್ತದೆ. ಎರಡು ಮಾನೋಮರುಗಳ ಅನುಪಾತ 0.98 ಇದ್ದರೆ ಕ್ರಿಯೆ ಪೂರ್ತಿ ನಡೆದರೂ ಸರಾಸರಿ 99 ಘಟಕಗಳೇ ಗರಿಷ್ಠ, 0.95 ಆದರೆ ಬರೀ 39. ಉಪ್ಪಿಟ್ಟಿನ ರವೆಯ ಕಣ್ಣಳತೆ ಇಲ್ಲಿ ನಡೆಯದು. ಒಂದೇ ಕಡೆ ತವರ ಉಳಿದ ಅಣು ಸರಪಳಿಯ ತುದಿಯನ್ನು ಮುಚ್ಚಿಬಿಡುತ್ತದೆ, ಆದ್ದರಿಂದ ಹೆಚ್ಚು ತೂಗಿ ಸರಿದೂಗಿಸುವ ಉಪಾಯವೂ ಫಲಿಸದು. ತೂಗುವ ಮುನ್ನ ಅಣುವಿನ ರಚನೆ ತೋರಿಸುವ ಎನ್‌ಎಂಆರ್ ನೋಡಿ, ತವರ ಕಳೆದುಕೊಂಡ ಉಂಗುರದ ಪ್ರೋಟಾನ್ ಕಂಡರೆ ಹೊಸದಾಗಿ ಮಾಡಿ. ಟ್ರೈಮೀಥೈಲ್ ತವರ ಘೋರ ವಿಷ, ಕೈಗವಸು ಮತ್ತು ಫ್ಯೂಮ್ ಹುಡ್ ಬಿಟ್ಟು ಮುಟ್ಟಬೇಡಿ.

ಕ್ಲೋರೋಬೆಂಝೀನಿನಲ್ಲಿ ಎರಡೂ ಮಾನೋಮರ್ 0.2 ಮಿಲಿಮೋಲ್ ಕರಗಿಸಿ, ಅರ್ಧ ಗಂಟೆ ಆರ್ಗಾನ್ ಗುಳ್ಳೆ ಬಿಡಿ. ಆಮೇಲೆ ವೇಗವರ್ಧಕವಾಗಿ 2 ಮೋಲ್ ಪ್ರತಿಶತ ಪಲ್ಲಾಡಿಯಂ ಡಿಬಿಎ, 8 ಪ್ರತಿಶತ ಟ್ರೈ-ಆರ್ಥೋ-ಟೋಲೈಲ್ ಫಾಸ್ಫೀನ್ ಹಾಕಿ 110 ಡಿಗ್ರಿಯಲ್ಲಿಡಿ. ಆಮ್ಲಜನಕ ಉಳಿದರೆ ತವರದ ಅಣುಗಳು ತಮ್ಮತಮ್ಮಲ್ಲೇ ಜೋಡಿಯಾಗಿ ಅನುಪಾತ ಮತ್ತೆ ಕೆಡುತ್ತದೆ. ಪಾಲಿಮರನ್ನು ಮೆಥನಾಲಿನಲ್ಲಿ ಬೀಳಿಸಿ, ಬಿಸಿ ದ್ರಾವಕದಿಂದ ಮತ್ತೆ ಮತ್ತೆ ತೊಳೆಯುವ ಸಾಕ್ಸ್‌ಲೆಟ್‌ನಲ್ಲಿ ಮೆಥನಾಲ್, ಅಸಿಟೋನ್, ಹೆಕ್ಸೇನ್, ಕೊನೆಗೆ ಕ್ಲೋರೋಫಾರ್ಮ್.

ಮಳೆ ಕೈಕೊಡುವುದು ಪಾಲಿಮರ್ ದ್ರಾವಣವನ್ನು ಗಾಜಿನ ಮೇಲೆ ತೆಳ್ಳಗೆ ಹರಡಿ ಮಾಡುವ ಫಿಲ್ಮಿನಲ್ಲಿ. ಕ್ಲೋರೋಫಾರ್ಮ್ ಆವಿಯಾಗುವಾಗ ಗಾಜು ತಣ್ಣಗಾಗಿ ಹನಿ ಕಟ್ಟುತ್ತದೆ, ಫಿಲ್ಮ್ ಮಬ್ಬಾಗುತ್ತದೆ. ಜುಲೈನಲ್ಲಿ ಕ್ಲೋರೋಬೆಂಝೀನಿನಿಂದಲೇ ಸ್ಪಿನ್ ಮಾಡಿ (ಗಾಜನ್ನು ತಿರುಗಿಸಿ ಹರಡಿ), ಗ್ಯಾಪನ್ನು ದ್ರಾವಣದಲ್ಲಲ್ಲ, ಆ ಫಿಲ್ಮಿನ ಹೀರಿಕೆಯ ಅಂಚಿನಿಂದ ಲೆಕ್ಕಹಾಕಿ.