ಆನ್‌ಲೈನ್‌ನಲ್ಲಿ ಹಪ್ಪಳ, ಉಪ್ಪಿನಕಾಯಿ ಮಾರುವವರು ಸಂತೆಯವರಿಂದ ಕಲಿಯುವುದು ಏನಾದರೂ ಇದೆಯಾ?

ನಿಮ್ಮ ಹಪ್ಪಳ, ಉಪ್ಪಿನಕಾಯಿಯ ಆನ್‌ಲೈನ್ ಪುಟ ನೋಡುವವರು ಜಾಸ್ತಿ, ಕೊಳ್ಳುವವರು ಕಡಿಮೆ ಅಂತ ಪ್ರಶ್ನೆಯಲ್ಲಿ ಬರೆದಿದ್ದೀರಿ. ನಾನೂ ಸಾಗರದ ಹತ್ತಿರದ ಹಳ್ಳಿಯಿಂದ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಕಳಿಸುತ್ತೇನೆ. ಮೊದಲ ವರ್ಷ ನನ್ನ ಪಾಡೂ ಇದೇ ಆಗಿತ್ತು.

ನನಗೆ ದಾರಿ ತೋರಿಸಿದ್ದು ಸಂತೆಯಲ್ಲಿ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಿನಕಾಯಿ, ಮಾರುತ್ತಿದ್ದ ಒಬ್ಬ ಅಜ್ಜಿ. ಆಗ ಮಾರ್ಚ್ ತಿಂಗಳು. ಗೋಣಿಚೀಲದ ಮೇಲೆ ಎರಡು ಗುಡ್ಡೆ ಹಾಕಿಕೊಂಡು ಕೂತಿದ್ದರು. ನಾನು ಬಾಯಿ ಬಿಡುವ ಮೊದಲೇ ಒಂದು ಮಿಡಿಯ ತೊಟ್ಟು ಮುರಿದು ನನ್ನ ಮೂಗಿನ ಹತ್ತಿರ ಹಿಡಿದರು. ಸೊನೆ ಚಿಮ್ಮಿತು, ಜೀರಿಗೆಯ ಪರಿಮಳ. ಅಪ್ಪೆಮಿಡಿಯ ಗುಣ ಗೊತ್ತಾಗುವುದೇ ಸೊನೆಯಲ್ಲಿ ಅಲ್ವಾ? ಆದರೂ ನಾನು ಕಡಿಮೆ ರೇಟಿನ ಗುಡ್ಡೆಗೆ ಕೈ ಹಾಕಿದೆ. ಅವರೇ ತಡೆದರು.

"ತಮ್ಮಾ, ವರ್ಷಕ್ಕಿಡೋದಾದ್ರೆ ಅದು ಬೇಡ. ನೆಲಕ್ಕೆ ಬಿದ್ದ ಕಾಯಿ, ಕೊಳೀತದೆ. ನಾಳೆ ಅಪ್ಪೆಹುಳಿ ಮಾಡ್ತೀಯಾದ್ರೆ ತಗೊಂಡು ಹೋಗು."

ನಾನು ದುಬಾರಿ ಗುಡ್ಡೆಯಿಂದಲೇ ಐನೂರು ಮಿಡಿ ತಗೊಂಡೆ. ಚೌಕಾಸಿ ಮಾಡಲು ಮನಸ್ಸೇ ಬರಲಿಲ್ಲ.

ಮನೆಗೆ ಬಂದು ನನ್ನ ಪುಟ ನೋಡಿಕೊಂಡೆ. "ಶುದ್ಧ, ರುಚಿಕರ, ಮನೆಯಲ್ಲೇ ಮಾಡಿದ್ದು" ಅಂತಿತ್ತು. ಯಾರು ಬೇಕಾದರೂ ಬರೆಯಬಹುದಾದ ಮಾತು. ಅದೇ ವರ್ಷ ಒಬ್ಬರು ಬಾಟಲಿ ವಾಪಸ್ ಕಳಿಸಿದ್ದರು. ಮಿಡಿ ಸುಕ್ಕುಗಟ್ಟಿದೆ, ಎಣ್ಣೆಯೇ ಇಲ್ಲ, ಹಾಳಾಗಿದೆ ಅಂದರು. ಉಪ್ಪಿನಲ್ಲಿಟ್ಟ ಮಿಡಿ ನೀರು ಬಿಟ್ಟು ಸುಕ್ಕಾಗುವುದು ನಮಗೆ ಗೊತ್ತು. ದೂರದ ಊರಿನವರಿಗೆ ಹೇಗೆ ಗೊತ್ತಾಗಬೇಕು? ತಪ್ಪು ನನ್ನದು, ನಾನು ಹೇಳಿರಲಿಲ್ಲ.

ಈಗ ಮುಚ್ಚಳ ತೆಗೆದ ಬಾಟಲಿಯ ಫೋಟೋ ಹಾಕುತ್ತೇನೆ. ಕತ್ತರಿಸಿದ ಒಂದು ಮಿಡಿ ಪಕ್ಕದಲ್ಲಿರುತ್ತದೆ. ಎಷ್ಟು ಮಿಡಿ ಇದೆ, ಯಾವ ತಿಂಗಳು ಹಾಕಿದ್ದು, ಉಪ್ಪು ಮುಂದಾಗಿರುತ್ತದೆ, ಎಣ್ಣೆ ಇರುವುದಿಲ್ಲ, ಎಲ್ಲವನ್ನೂ ಬರೆಯುತ್ತೇನೆ. ಉಪ್ಪು ಬಿಡಬೇಕಾದವರು ಕೊಳ್ಳಬೇಡಿ ಅಂತಲೂ ಬರೆದಿದ್ದೇನೆ. ವಾಪಸ್ ಬರುವುದು ಹೆಚ್ಚುಕಡಿಮೆ ನಿಂತೇ ಹೋಯಿತು.

ರಿಯಾಯಿತಿ ವಿಷಯದಲ್ಲೂ ಸಂತೆಯವರು ಜಾಣರು. ಸಂಜೆ ಸೊಪ್ಪಿನ ರೇಟು ಇಳಿದರೆ ಯಾಕೆ ಅಂತ ಕಣ್ಣಿಗೇ ಕಾಣುತ್ತದೆ, ಸೊಪ್ಪು ಬಾಡಿರುತ್ತದೆ. ನಾವು ಮಾತ್ರ ವರ್ಷವಿಡೀ ದೊಡ್ಡ ಬೆಲೆಗೆ ಗೀಟು ಹಾಕಿ ಅರ್ಧ ಬೆಲೆ ಅನ್ನುತ್ತೇವೆ. ಅದನ್ನು ಯಾರು ನಂಬುತ್ತಾರೆ? ಕಾರಣ ಇದ್ದರೆ ಇಳಿಸಿ, ಕಾರಣವನ್ನೂ ಬರೆಯಿರಿ. ಹಪ್ಪಳ ಮಳೆಗಾಲಕ್ಕೆ ಮೊದಲು ಏಪ್ರಿಲ್, ಮೇ ಬಿಸಿಲಲ್ಲಿ ಒಣಗಿದ್ದಾ, ಹೋದ ವರ್ಷದ್ದಾ? ಹೋದ ವರ್ಷದ್ದಾದರೆ ಹಾಗೇ ಹೇಳಿ ಕಡಿಮೆಗೆ ಕೊಡಿ.

ರಿಯಾಯಿತಿ ಬೇರೆ, ಕೊಸರು ಬೇರೆ. ಶಿವಮೊಗ್ಗದಲ್ಲಿ ಹೂವಿನವರು ಮೊಳ ಹಾಕಿದ ಮೇಲೆ ನಾಲ್ಕು ಬೆರಳು ಜಾಸ್ತಿ ಬಿಟ್ಟು ಕತ್ತರಿಸುತ್ತಾರೆ. ಮೊದಲೇ ಹೇಳುವುದಿಲ್ಲ, ವ್ಯಾಪಾರ ಮುಗಿದ ಮೇಲೆ ಕೊಡುತ್ತಾರೆ. ನಾನು ಪ್ರತಿ ಕಟ್ಟಿನಲ್ಲಿ ಎರಡು ಹಪ್ಪಳ ಜಾಸ್ತಿ ಇಡುತ್ತೇನೆ. ದಾರಿಯಲ್ಲಿ ಒಂದೆರಡು ಮುರಿದರೂ ಲೆಕ್ಕ ಸರಿ ಇರುತ್ತದೆ.

ಸಂತೆಯ ಕೂಗು, ಚೌಕಾಸಿ ಇಲ್ಲಿ ನಡೆಯುವುದಿಲ್ಲ, ಬಿಡಿ. ಆದರೆ ಅಜ್ಜಿ ಮುಂದಿನ ವಾರವೂ ಅದೇ ಜಾಗದಲ್ಲಿ ಸಿಗುತ್ತಾರೆ, ಏನಾದರೂ ಹೆಚ್ಚುಕಡಿಮೆ ಆದರೆ ಹೋಗಿ ಕೇಳಬಹುದು, ಅದು ಮುಖ್ಯ. ಆನ್‌ಲೈನ್ ವ್ಯಾಪಾರಕ್ಕಿರುವ 2020ರ ಇ-ಕಾಮರ್ಸ್ ನಿಯಮದಲ್ಲಿ ದೂರು ಬಂದಿದೆ ಅಂತ ಗ್ರಾಹಕರಿಗೆ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಅಂತಿದೆ. ನಾನು ಅಷ್ಟು ಹೊತ್ತು ಕಾಯುವುದಿಲ್ಲ. ಬಾಟಲಿಯ ಮೇಲೆ ನನ್ನ ನಂಬರ್ ಇದೆ, ಅವತ್ತೇ ಮಾತಾಡುತ್ತೇನೆ.

ನಿಮ್ಮ ಹಪ್ಪಳವನ್ನು ಒಮ್ಮೆ ಕರಿದು, ಹಸಿ ಹಪ್ಪಳದ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ. ಪುಟದಲ್ಲಿ ಈಗಿರುವ ಫೋಟೋ ಅಳಿಸಿ, ಅದರ ಜಾಗದಲ್ಲಿ ಈ ಹೊಸದನ್ನೇ ಹಾಕಿ.